ಬಾಸ್ಕೆಟ್‌ಬಾಲ್ ಆಟಗಾರರಿಗೆ ಅಂಗಸಾಧನೆ: ಕಾಲೇಜು ವಿದ್ಯಾರ್ಥಿಗಳಿಗೊಂದು ಪಾಠ

ಬಾಸ್ಕೆಟ್‌ಬಾಲ್ ಆಟವನ್ನು ಅಂಕಣದ ಹೊರಗೆ ನಿಂತು ನೋಡುವವನ ಕಣ್ಣಿಗೆ ಮೊದಲು ಬೀಳುವುದು ಕೈಚಳಕ. ಬೆರಳ ತುದಿಯಿಂದ ಹೊರಟ ಚೆಂಡು ಕಮಾನಿನಂತೆ ಬಾಗಿ ಬುಟ್ಟಿಯೊಳಕ್ಕೆ ಇಳಿದಾಗ ನೋಡುಗರೆಲ್ಲ ಕೈಯನ್ನೇ ಹೊಗಳುತ್ತಾರೆ. ಆದರೆ ಆ ಚೆಂಡಿಗೆ ಬೇಕಾದ ಬಲ ಹುಟ್ಟುವುದು ಪಾದದ ಕೆಳಗೆ. ನೆಲವನ್ನು ಒತ್ತಿದ ಕಾಲಿನ ಬಲ ಸೊಂಟವನ್ನು ಹಾಯ್ದು, ಬೆನ್ನನ್ನು ಏರಿ, ಭುಜಕ್ಕೆ ಬಂದು, ಕೊನೆಗೆ ಬೆರಳನ್ನು ಸೇರುತ್ತದೆ. ಈ ಸರಪಳಿಯ ಯಾವ ಕೊಂಡಿ ಸಡಿಲವಾದರೂ ಆಟ ಕೆಡುತ್ತದೆ. ಕೆಲವೊಮ್ಮೆ ಆಟಗಾರನೇ ಕೆಡುತ್ತಾನೆ.

ನಾನು ಕಾಲೇಜಿನಲ್ಲಿ ಆಡುತ್ತಿದ್ದ ದಿನಗಳಲ್ಲಿ ಹಿರಿಯ ಆಟಗಾರರು ನಮಗೆ ಒಂದು ಕಟ್ಟುನಿಟ್ಟಿನ ಬುದ್ಧಿವಾದ ಹೇಳುತ್ತಿದ್ದರು: “ಗರಡಿಯ ಕಡೆ ತಲೆ ಹಾಕಬೇಡಿ. ಭಾರ ಎತ್ತಿದರೆ ತೋಳು ಬಿಗಿದುಕೊಳ್ಳುತ್ತದೆ, ಗುರಿ ತಪ್ಪುತ್ತದೆ.” ನಾವು ಅದನ್ನು ವೇದವಾಕ್ಯವೆಂದೇ ನಂಬಿದೆವು. ಓಡುತ್ತಿದ್ದೆವು, ಚೆಂಡು ಎಸೆಯುತ್ತಿದ್ದೆವು. ಅಷ್ಟೇ ನಮ್ಮ ಅಭ್ಯಾಸ. ಒಂದು ಪಂದ್ಯದಲ್ಲಿ ನಮ್ಮ ತಂಡದ ಅತ್ಯುತ್ತಮ ಆಟಗಾರ ಹಲಗೆಗೆ ತಾಗಿ ಬಂದ ಚೆಂಡಿಗಾಗಿ ಎತ್ತರಕ್ಕೆ ಜಿಗಿದು ಒಂಟಿಕಾಲಿನ ಮೇಲೆ ಇಳಿದ. ಯಾರೂ ಅವನನ್ನು ಮುಟ್ಟಿರಲಿಲ್ಲ. ಆದರೂ ಮೊಣಕಾಲು ಒಳಕ್ಕೆ ತಿರುಚಿಕೊಂಡಿತು. ಅವನು ಮತ್ತೆ ಅಂಕಣಕ್ಕೆ ಬರಲಿಲ್ಲ. ಅಂಗಸಾಧನೆ ಮಾಡಿದ್ದರೆ ಆ ಕಾಲು ಉಳಿಯುತ್ತಿತ್ತೆಂದು ಖಂಡಿತವಾಗಿ ಹೇಳುವಂತಿಲ್ಲ. ಆದರೆ ಅಷ್ಟು ಎತ್ತರಕ್ಕೆ ಜಿಗಿಯುವುದನ್ನು ಕಲಿತ ನಮಗೆ ಇಳಿಯುವುದನ್ನು ಯಾರೂ ಕಲಿಸಿರಲಿಲ್ಲ ಎಂಬುದು ಮಾತ್ರ ಸತ್ಯ. ಈ ಪಾಠವನ್ನು ಬರೆಯುವುದಕ್ಕೆ ಅದೇ ಕಾರಣ.

೧. ಹಳೆಯ ಭಯ, ಅದರ ನಿವಾರಣೆ

ಭಾರ ಎತ್ತಿದವನು ನಿಧಾನಿಯಾಗುತ್ತಾನೆ ಎಂಬ ನಂಬಿಕೆ ನಮ್ಮೂರಿನದು ಮಾತ್ರವಲ್ಲ. ಅದರ ಕಥೆ ಬಾಸ್ಕೆಟ್‌ಬಾಲ್ ಹುಟ್ಟಿದ ಊರಿನಲ್ಲಿಯೇ ನಡೆದುದು ಒಂದು ಸೋಜಿಗ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಸ್ಪ್ರಿಂಗ್‌ಫೀಲ್ಡ್ ಪಟ್ಟಣದ ವೈ.ಎಂ.ಸಿ.ಎ. ತರಬೇತಿ ಶಾಲೆಯಲ್ಲಿ 1891ರ ಡಿಸೆಂಬರ್ ತಿಂಗಳಿನಲ್ಲಿ ಜೇಮ್ಸ್ ನೇಸ್ಮಿತ್ ಎಂಬ ಶಿಕ್ಷಕರು ಚಳಿಗಾಲದಲ್ಲಿ ಒಳಾಂಗಣದಲ್ಲಿ ಆಡಬಹುದಾದ ಆಟವೊಂದನ್ನು ರೂಪಿಸಿದರು. ವ್ಯಾಯಾಮ ಮಂದಿರದ ಮೊಗಸಾಲೆಯ ಅಂಚಿಗೆ ಪೀಚ್ ಹಣ್ಣಿನ ಬುಟ್ಟಿಗಳನ್ನು ಮೊಳೆ ಹೊಡೆದು ನಿಲ್ಲಿಸಲಾಯಿತು. ಆ ಅಂಚು ನೆಲದಿಂದ 10 ಅಡಿ ಎತ್ತರದಲ್ಲಿತ್ತು. ಅಂದಿನಿಂದ ಇಂದಿನವರೆಗೆ ಬುಟ್ಟಿಯ ಎತ್ತರ ಅಷ್ಟೇ ಉಳಿದಿದೆ. ಮೀಟರಿನ ಲೆಕ್ಕದಲ್ಲಿ 3.05. ಅದೇ ಶಾಲೆ ಮುಂದೆ ಸ್ಪ್ರಿಂಗ್‌ಫೀಲ್ಡ್ ಕಾಲೇಜಾಯಿತು. ಅಲ್ಲಿ ಕಲಿತ ಹ್ಯಾರಿ ಕ್ರೋ ಬಕ್ ಎಂಬವರು 1920ರಲ್ಲಿ ಮದರಾಸಿನಲ್ಲಿ ವೈ.ಎಂ.ಸಿ.ಎ. ಶಾರೀರಿಕ ಶಿಕ್ಷಣ ಶಾಲೆಯನ್ನು ತೆರೆದರು. ದಕ್ಷಿಣ ಭಾರತದ ಅನೇಕ ವ್ಯಾಯಾಮ ಶಿಕ್ಷಕರು ಅಲ್ಲಿಯೇ ತರಬೇತಿ ಪಡೆದವರು.

ಆ ಸ್ಪ್ರಿಂಗ್‌ಫೀಲ್ಡ್ ಕಾಲೇಜಿನಲ್ಲಿ ಪೀಟರ್ ಕಾರ್ಪೊವಿಚ್ ಎಂಬ ರಷ್ಯಾ ಮೂಲದ ಶರೀರಶಾಸ್ತ್ರಜ್ಞರಿದ್ದರು. ಭಾರ ಎತ್ತುವುದರಿಂದ ಸ್ನಾಯುಗಳು ಬಿಗಿದು ದೇಹದ ಚುರುಕು ಹೋಗುತ್ತದೆಂದು ಅವರೂ ನಂಬಿದ್ದರು. 1940ರಲ್ಲಿ ಬಾಬ್ ಹಾಫ್‌ಮನ್ ಎಂಬವರು ಜಾನ್ ಗ್ರಿಮೆಕ್ ಹಾಗೂ ಜಾನ್ ಡೇವಿಸ್ ಎಂಬ ಇಬ್ಬರು ಪ್ರಸಿದ್ಧ ಬಲಶಾಲಿಗಳನ್ನು ಆ ಕಾಲೇಜಿಗೆ ಕರೆತಂದು ಪ್ರದರ್ಶನ ಏರ್ಪಡಿಸಿದರು. ಕಾರ್ಪೊವಿಚ್ ಎದ್ದು, “ಗ್ರಿಮೆಕ್ ತಮ್ಮ ಬೆನ್ನಿನ ನಡುವೆ ತಾವೇ ಕೆರೆದುಕೊಳ್ಳಬಲ್ಲರೇ?” ಎಂಬರ್ಥದ ಪ್ರಶ್ನೆ ಕೇಳಿದರಂತೆ. ಗ್ರಿಮೆಕ್ ಹಾಗೆಯೇ ಮಾಡಿ ತೋರಿಸಿದರು. ಸಾಲದೆಂದು ಎರಡೂ ಕಾಲುಗಳನ್ನು ನೆಲಕ್ಕೆ ಚಾಚಿ ಕುಳಿತರು. ಕಾರ್ಪೊವಿಚ್ ನಿಜವಾದ ವಿಜ್ಞಾನಿ. ಹಟ ಹಿಡಿಯಲಿಲ್ಲ, ಪರೀಕ್ಷೆಗೆ ತೊಡಗಿದರು. ಜೋರ್ಬಾಸ್ ಎಂಬ ವಿದ್ಯಾರ್ಥಿಯೊಡನೆ 1951ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಭಾರ ಎತ್ತುವ 300 ಮಂದಿಯನ್ನೂ ಎತ್ತದ 300 ಮಂದಿಯನ್ನೂ ಹೋಲಿಸಿ, ತೋಳನ್ನು ಸುತ್ತಿಸುವ ವೇಗವನ್ನು ಅಳೆದರು. ಭಾರ ಎತ್ತುವವರೇ ಹೆಚ್ಚು ವೇಗಿಗಳೆಂದು ಕಂಡುಬಂದಿತು. ತನ್ನ ನಂಬಿಕೆಯನ್ನು ತಾನೇ ಒರೆಗೆ ಹಚ್ಚಿ, ತಪ್ಪೆಂದು ಕಂಡಾಗ ಬಿಟ್ಟುಕೊಟ್ಟ ಆ ಗುರುವಿನ ನಡೆ ವಿದ್ಯಾರ್ಥಿಗಳೆಲ್ಲರಿಗೂ ಮೇಲ್ಪಂಕ್ತಿ.

ಇದೇ ಕಾಲದಲ್ಲಿ ಇನ್ನೊಂದು ಕಡೆಯಿಂದಲೂ ಬೆಳಕು ಬಂದಿತು. ಎರಡನೆಯ ಮಹಾಯುದ್ಧದ ವೇಳೆ ಥಾಮಸ್ ಡಿಲಾರ್ಮ್ ಎಂಬ ಸೇನಾ ವೈದ್ಯರು ಮೊಣಕಾಲಿಗೆ ಪೆಟ್ಟಾದ ಸೈನಿಕರಿಗೆ ಭಾರದ ವ್ಯಾಯಾಮ ಕೊಟ್ಟು, ಆ ಭಾರವನ್ನು ಮೆಲ್ಲಮೆಲ್ಲನೆ ಏರಿಸಿ ಗುಣಪಡಿಸಿದರು. ಹತ್ತು ಸಲ ಎತ್ತಬಹುದಾದ ಭಾರವನ್ನು ಕಂಡುಕೊಂಡು, ಮೊದಲು ಅದರ ಅರ್ಧ, ಅನಂತರ ಮುಕ್ಕಾಲು, ಕೊನೆಗೆ ಪೂರ್ಣ, ಹೀಗೆ ಮೂರು ಸರದಿಯಲ್ಲಿ ಹತ್ತು ಹತ್ತು ಸಲ ಎತ್ತುವ ಅವರ ಕ್ರಮ ಇಂದಿಗೂ ಹೊಸಬರಿಗೆ ಒಳ್ಳೆಯ ದಾರಿ. ಕ್ರೀಡಾಪಟುಗಳಿಗಾಗಿ ಬಲಸಾಧನೆಯ ಶಿಕ್ಷಕರನ್ನೇ ಪ್ರತ್ಯೇಕವಾಗಿ ನೇಮಿಸುವ ಪದ್ಧತಿಯಲ್ಲಿ ಮೊದಲಿಗರೆಂದು ಹೆಸರಾದವರು ಬಾಯ್ಡ್ ಎಪ್ಲಿ; ನೆಬ್ರಾಸ್ಕ ವಿಶ್ವವಿದ್ಯಾಲಯ ಅವರನ್ನು ನೇಮಿಸಿದ್ದು 1969ರಲ್ಲಿ. ಇಂಥ ಶಿಕ್ಷಕರ ರಾಷ್ಟ್ರೀಯ ಸಂಘ ಅಲ್ಲಿ 1978ರಲ್ಲಿ ಹುಟ್ಟಿತು.

ನಮಗೆ ಇದು ತೀರ ಹೊಸದೇನಲ್ಲ. ಬಸ್ಕಿ, ದಂಡ, ಗದೆ ತಿರುಗಿಸುವುದು ಇವೆಲ್ಲ ನಮ್ಮ ಗರಡಿಮನೆಗಳ ನಿತ್ಯಸಾಧನೆ. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಮನೆಮಾತಾದ ಕೆ. ವಿ. ಅಯ್ಯರ್ ಅವರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ತರುಣರನ್ನು ತಿದ್ದಿದವರು. ನಮ್ಮ ಕೊರತೆಯೆಂದರೆ ಗರಡಿಯೂ ಆಟದ ಅಂಕಣವೂ ಒಂದನ್ನೊಂದು ಅನುಮಾನದಿಂದ ನೋಡಿದ್ದು.

೨. ಲೆಕ್ಕದಲ್ಲಿ ಒಂದು ಜಿಗಿತ

ಬಲ ಬೇರೆ, ಬಲವನ್ನು ಬೇಗನೆ ಹೊರಡಿಸುವ ಸಾಮರ್ಥ್ಯ ಬೇರೆ. ಗೋಧಿಯ ಮೂಟೆಯನ್ನು ನಿಧಾನವಾಗಿ ಎತ್ತುವವನಲ್ಲಿ ಬಲವಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ನೆಲ ಬಿಟ್ಟು ಏಳುವವನಲ್ಲಿ ಬಲವೂ ಇದೆ, ವೇಗವೂ ಇದೆ. ಆಟಗಾರನಿಗೆ ಎರಡನೆಯದು ಬೇಕು. ಆದರೆ ಮೊದಲನೆಯದು ಇಲ್ಲದೆ ಎರಡನೆಯದು ಬಾರದು.

ಒಂದು ಸಣ್ಣ ಲೆಕ್ಕ ಮಾಡೋಣ. 70 ಕಿಲೋಗ್ರಾಂ ತೂಕದ ಆಟಗಾರ ನಿಂತಲ್ಲಿಂದ 60 ಸೆಂಟಿಮೀಟರ್ ಮೇಲಕ್ಕೆ ಜಿಗಿದನೆನ್ನಿ. ಅವನು ಗಾಳಿಯಲ್ಲಿರುವ ಕಾಲ ಸುಮಾರು 0.7 ಸೆಕೆಂಡು ಮಾತ್ರ. ಜಿಗಿಯಲು ಅವನು ಮೊಣಕಾಲು ಮಡಿಸಿ ಶರೀರವನ್ನು 40 ಸೆಂಟಿಮೀಟರ್ ತಗ್ಗಿಸಿ ಮೇಲೆ ಒತ್ತಿದರೆ, ಆ ಒತ್ತುವಿಕೆಯಲ್ಲಿ ಕಾಲುಗಳು ಸರಾಸರಿ ಅವನ ತೂಕದ ಎರಡೂವರೆ ಪಟ್ಟು ಬಲವನ್ನು ಕೊಡಬೇಕಾಗುತ್ತದೆ. ಅಂದರೆ 175 ಕಿಲೋಗ್ರಾಂ ಭಾರದಷ್ಟು.

ಈಗ ಇಳಿಯುವುದನ್ನು ನೋಡಿ. ಅದೇ 60 ಸೆಂಟಿಮೀಟರಿನಿಂದ ಇಳಿದವನು ಮೊಣಕಾಲು, ಸೊಂಟಗಳನ್ನು ಚೆನ್ನಾಗಿ ಮಡಿಸಿ 40 ಸೆಂಟಿಮೀಟರಿನಲ್ಲಿ ಶರೀರವನ್ನು ತಡೆದರೆ, ಏರುವಾಗಿನಷ್ಟೇ ಬಲ, ಎರಡೂವರೆ ಪಟ್ಟು, ಸಾಕು. ಕಾಲನ್ನು ಕೋಲಿನಂತೆ ಸೆಟೆದು ಕೇವಲ 10 ಸೆಂಟಿಮೀಟರಿನಲ್ಲಿ ತಡೆದನೆನ್ನಿ: ಆಗ ಸರಾಸರಿ ಬಲ ತೂಕದ ಏಳು ಪಟ್ಟು, ಅಂದರೆ 490 ಕಿಲೋಗ್ರಾಂ ಭಾರದಷ್ಟು. ಒಂಟಿಕಾಲಿನಲ್ಲಿ ಇಳಿದರೆ ಅಷ್ಟೂ ಒಂದೇ ಮೊಣಕಾಲಿನ ಪಾಲು. ಮಡಿಸಿ ಇಳಿಯಬೇಕೆಂದು ಬಾಯಲ್ಲಿ ಹೇಳುವುದು ಸುಲಭ. ಆದರೆ ಮಡಿದ ಸ್ಥಿತಿಯಲ್ಲಿ ಶರೀರವನ್ನು ಹಿಡಿದು ನಿಲ್ಲಿಸಲು ತೊಡೆ ಮತ್ತು ಪೃಷ್ಠದ ಸ್ನಾಯುಗಳಲ್ಲಿ ಶಕ್ತಿ ಇರಬೇಕು. ಶಕ್ತಿ ಇಲ್ಲದವನು ಸೆಟೆದೇ ಇಳಿಯುತ್ತಾನೆ. ಆದುದರಿಂದ ಅಂಗಸಾಧನೆ ಜಿಗಿತದ ಅಲಂಕಾರವಲ್ಲ, ಇಳಿತದ ರಕ್ಷೆ.

೩. ದೇಹವು ಬಲಗೊಳ್ಳುವ ಬಗೆ

ಗ್ರೀಕರಲ್ಲಿ ಮೈಲೋ ಎಂಬ ಜಟ್ಟಿಯ ಕಥೆಯಿದೆ. ಅವನು ಒಂದು ಕರುವನ್ನು ದಿನವೂ ಹೊತ್ತು ನಡೆಯುತ್ತಿದ್ದನಂತೆ. ಕರು ಬೆಳೆದು ಎತ್ತಾದಾಗಲೂ ಹೊರುತ್ತಿದ್ದನಂತೆ. ಕಥೆ ಕಥೆಯೇ ಆದರೂ ಅದರ ತಿರುಳು ನಿಜ: ಭಾರವು ದೇಹದ ಅಳವನ್ನು ಸ್ವಲ್ಪವೇ ಮೀರಿ, ಮೆಲ್ಲನೆ ಏರುತ್ತ ಹೋಗಬೇಕು.

ಸಾಧನೆಯ ಮೊದಲ ಕೆಲವು ವಾರಗಳಲ್ಲಿ ಬಲ ಬೇಗ ಏರುತ್ತದೆ, ಆದರೆ ಸ್ನಾಯು ದಪ್ಪವಾಗಿರುವುದಿಲ್ಲ. ಆಗ ಬಲಗೊಳ್ಳುತ್ತಿರುವುದು ಮುಖ್ಯವಾಗಿ ನರಮಂಡಲ. ಸುಮ್ಮನೆ ಮಲಗಿದ್ದ ಸ್ನಾಯುತಂತುಗಳನ್ನು ಒಟ್ಟಿಗೆ ಎಬ್ಬಿಸಿ ದುಡಿಸಲು ಅದು ಕಲಿಯುತ್ತಿರುತ್ತದೆ. ಸ್ನಾಯು ತುಂಬಿಕೊಳ್ಳುವುದು ಆಮೇಲೆ. ಸ್ನಾಯುವನ್ನು ಎಲುಬಿಗೆ ಕಟ್ಟುವ ಸ್ನಾಯುರಜ್ಜು ಇನ್ನೂ ನಿಧಾನಿ. ಅದಕ್ಕೆ ತಿಂಗಳುಗಳು ಬೇಕು. ಎರಡು ವಾರದಲ್ಲಿ ಬಲ ಬಂತೆಂದು ಹಿಗ್ಗಿ ಭಾರವನ್ನು ಹಠಾತ್ತನೆ ಏರಿಸಿದವನಿಗೆ ಮಂಡಿಚಿಪ್ಪಿನ ಕೆಳಗೆ ನೋವು ಹಿಡಿಯುವುದು ಈ ಕಾರಣದಿಂದ. ನಿಗದಿ ಮಾಡಿದ ಸಂಖ್ಯೆಗಿಂತ ಒಂದೆರಡು ಸಲ ಹೆಚ್ಚಾಗಿ ಎತ್ತಲು ಸಾಧ್ಯವಾದ ಮೇಲಷ್ಟೇ ಭಾರವನ್ನು ನೂರಕ್ಕೆ ಎರಡರಿಂದ ಹತ್ತರವರೆಗೆ ಹೆಚ್ಚಿಸಬೇಕು.

೪. ಆರು ಸಾಧನೆಗಳು

ಯಂತ್ರಗಳಿಂದ ತುಂಬಿದ ವ್ಯಾಯಾಮಶಾಲೆ ಇಲ್ಲವೆಂದು ಚಿಂತಿಸಬೇಕಾಗಿಲ್ಲ. ಒಂದು ಬಾರ್‌ಬೆಲ್, ಒಂದೆರಡು ಜೊತೆ ಡಂಬೆಲ್, ಒಂದು ಗಟ್ಟಿ ಅಡ್ಡಕಂಬಿ ಇದ್ದರೆ ಸಾಕು. ಅವೂ ಇಲ್ಲದಿದ್ದರೆ ತೂಗಿ ಮರಳು ತುಂಬಿದ ಚೀಲದಿಂದಲೇ ಆರಂಭಿಸಬಹುದು.

(ಅ) ಸ್ಕ್ವಾಟ್: ಇದು ನಮ್ಮ ಬಸ್ಕಿಯ ಸಂಬಂಧಿ. ಎದೆಯ ಮುಂದೆ ಭಾರ ಹಿಡಿದು, ಹಿಮ್ಮಡಿ ನೆಲಕ್ಕೆ ಊರಿ, ಮಂಡಿಗಳು ಕಾಲ್ಬೆರಳುಗಳ ದಿಕ್ಕಿನಲ್ಲಿಯೇ ಇರುವಂತೆ ಕುಳಿತು ಏಳಬೇಕು.

(ಆ) ಡೆಡ್‌ಲಿಫ್ಟ್: ಬೆನ್ನನ್ನು ನೇರವಾಗಿಟ್ಟು ಸೊಂಟದಿಂದ ಬಾಗಿ ನೆಲದ ಭಾರವನ್ನು ಎತ್ತುವುದು. ತೊಡೆಯ ಹಿಂಭಾಗ ಹಾಗೂ ಪೃಷ್ಠಗಳು ಇದರಿಂದ ಬಲಗೊಳ್ಳುತ್ತವೆ. ಓಟದ ವೇಗ ಅಲ್ಲಿದೆ. ಮೊಣಕಾಲಿನ ಕಾವಲೂ ಅಲ್ಲಿದೆ.

(ಇ) ಒಂಟಿಕಾಲಿನ ಸಾಧನೆ: ಒಂದು ಕಾಲನ್ನು ಮುಂದಿಟ್ಟು ಕುಗ್ಗುವುದು, ಅಥವಾ ಮೊಣಕಾಲೆತ್ತರದ ಪೆಟ್ಟಿಗೆಯನ್ನು ಒಂದೊಂದೇ ಕಾಲಿನಿಂದ ಹತ್ತುವುದು. ಆಟದಲ್ಲಿ ನಾವು ಬಹಳ ಸಲ ಒಂಟಿಕಾಲಿನಿಂದಲೇ ಏಳುತ್ತೇವೆ, ಒಂಟಿಕಾಲಿನಲ್ಲಿಯೇ ಇಳಿಯುತ್ತೇವೆ.

(ಈ) ಒತ್ತುವುದು ಮತ್ತು ಎಳೆಯುವುದು: ದಂಡ ಹೊಡೆಯುವುದು ಒತ್ತುವ ಸಾಧನೆ, ಅಡ್ಡಕಂಬಿಗೆ ಜೋತು ಗದ್ದ ಮುಟ್ಟಿಸುವುದು ಎಳೆಯುವ ಸಾಧನೆ. ಒತ್ತಿದಷ್ಟೇ ಎಳೆಯಬೇಕು. ಒಂದನ್ನೇ ಮಾಡಿದರೆ ಭುಜ ಮುಂದಕ್ಕೆ ಬಾಗಿ ನೋವು ತರುತ್ತದೆ.

(ಉ) ಮೀನಖಂಡ: ಮೆಟ್ಟಿಲಿನ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಏರಿಸಿ ಇಳಿಸುವುದು. ಕಣಕಾಲಿನ ಉಳುಕು ಈ ಆಟದಲ್ಲಿ ಅತಿ ಸಾಮಾನ್ಯ ಗಾಯ. ಒಂಟಿಕಾಲಿನಲ್ಲಿ ನಿಂತು ಚೆಂಡು ಹಿಡಿಯುವ ಸಮತೋಲನದ ಅಭ್ಯಾಸವನ್ನೂ ಇದರೊಡನೆ ಸೇರಿಸಬೇಕು.

(ಊ) ನಡುವಿನ ಬಲ: ಮೊಣಕೈ ಹಾಗೂ ಕಾಲ್ಬೆರಳುಗಳ ಮೇಲೆ ಶರೀರವನ್ನು ಹಲಗೆಯಂತೆ ನೇರವಾಗಿ ನಿಲ್ಲಿಸುವುದು. ಗಾಳಿಯಲ್ಲಿ ಎದುರಾಳಿಯ ಭುಜ ತಾಗಿದರೂ ಗುರಿ ಕದಲದಂತೆ ಮಾಡುವುದು ಈ ಬಲ.

ಹೊಸಬರು ವಾರದಲ್ಲಿ ಎರಡು ಅಥವಾ ಮೂರು ದಿನ, ನಡುವೆ ಕನಿಷ್ಠ ಒಂದು ದಿನ ಬಿಡುವು ಕೊಟ್ಟು, ಪ್ರತಿಯೊಂದನ್ನೂ ಎಂಟರಿಂದ ಹನ್ನೆರಡು ಸಲದಂತೆ ಎರಡು ಮೂರು ಸರದಿ ಮಾಡಿದರೆ ಸಾಕು. ಕೊನೆಯ ಸಲದಲ್ಲಿಯೂ ಭಂಗಿ ಕೆಡಬಾರದು. ಇನ್ನೂ ಎರಡು ಸಲ ಎತ್ತಬಲ್ಲೆನೆಂಬ ಶಕ್ತಿ ಉಳಿದಿರುವಾಗಲೇ ನಿಲ್ಲಿಸುವುದು ವಿವೇಕ.

೫. ವರ್ಷದ ಕ್ರಮ

ಅಮೆರಿಕದ ಕಾಲೇಜುಗಳಲ್ಲಿ ಬಾಸ್ಕೆಟ್‌ಬಾಲ್ ಋತು ನವೆಂಬರಿನಲ್ಲಿ ತೊಡಗಿ ಏಪ್ರಿಲ್ ಆರಂಭದವರೆಗೆ ನಡೆಯುತ್ತದೆ. ಅಷ್ಟು ದೀರ್ಘವಾದ ಋತುವಿನಲ್ಲಿ ಬಲವನ್ನು ಕಾಪಾಡಿಕೊಳ್ಳುವುದೇ ಅವರ ಸಮಸ್ಯೆ. ನಮ್ಮಲ್ಲಿ ಅಂತರ ಕಾಲೇಜು, ಅಂತರ ವಿಶ್ವವಿದ್ಯಾಲಯ ಪಂದ್ಯಾವಳಿಗಳು ಕೆಲವೇ ದಿನಗಳಲ್ಲಿ ಮುಗಿಯುತ್ತವೆ, ಒಂದರ ಹಿಂದೆ ಒಂದು ಪಂದ್ಯ ಬರುತ್ತದೆ. ಅದಕ್ಕೆ ಎರಡು ವಾರ ಮೊದಲು ಎಚ್ಚೆತ್ತು ಮೈ ಹುರಿಗೊಳಿಸಲು ಹೊರಡುವುದೇ ನಮ್ಮ ಸಮಸ್ಯೆ. ಬೆಂಕಿ ಬಿದ್ದಾಗ ಬಾವಿ ತೋಡಿದಂತಾಯಿತು ಅದು.

ಕನಿಷ್ಠ ಹನ್ನೆರಡು ವಾರಗಳನ್ನು ಮೀಸಲಿಡಿ. ಮೊದಲ ನಾಲ್ಕು ವಾರ ಹಗುರ ಭಾರದಿಂದ ಭಂಗಿಯನ್ನು ಕಲಿಯುವ ಕಾಲ. ಮುಂದಿನ ನಾಲ್ಕು ವಾರ ಭಾರವನ್ನು ಏರಿಸಿ, ಐದಾರು ಸಲಕ್ಕೆ ಇಳಿಸಿ, ನಿಜವಾದ ಬಲವನ್ನು ಕೂಡಿಸುವ ಕಾಲ. ಕೊನೆಯ ನಾಲ್ಕು ವಾರ ಆ ಬಲವನ್ನು ವೇಗಕ್ಕೆ ತಿರುಗಿಸುವ ಕಾಲ: ಪೆಟ್ಟಿಗೆಯ ಮೇಲೆ ಜಿಗಿಯುವುದು, ಭಾರದ ಚೆಂಡನ್ನು ಎದೆಯಿಂದ ಎಸೆಯುವುದು, ಅಕ್ಕಪಕ್ಕಕ್ಕೆ ನೆಗೆದು ನಿಲ್ಲುವುದು. ಹೊಸಬರು ಒಂದು ದಿನಕ್ಕೆ 80ರಿಂದ 100 ನೆಗೆತಗಳನ್ನು ಮೀರದಿರುವುದು ಲೇಸು. ಪಂದ್ಯಗಳು ತೊಡಗಿದ ಮೇಲೆ ಸಾಧನೆಯನ್ನು ಪೂರ್ತಿ ಬಿಡಬಾರದು. ವಾರಕ್ಕೆ ಒಂದೆರಡು ಸಲ, ಕಡಿಮೆ ಸರದಿ ಮಾಡಿದರೂ ಗಳಿಸಿದ ಬಲ ಉಳಿಯುತ್ತದೆ. ಚೆಂಡು ಎಸೆಯುವ ಅಭ್ಯಾಸವನ್ನು ಈ ಅವಧಿಯುದ್ದಕ್ಕೂ ಮುಂದುವರಿಸಬೇಕು. ಹೊಸ ಬಲಕ್ಕೆ ಕೈಯ ಅಳತೆ ಆಗ ತಾನಾಗಿ ಹೊಂದಿಕೊಳ್ಳುತ್ತದೆ. ಗುರಿ ತಪ್ಪುತ್ತದೆಂಬ ಹಿರಿಯರ ಭಯಕ್ಕೆ ಇದೇ ಉತ್ತರ.

೬. ವಿದ್ಯಾರ್ಥಿನಿಯರಿಗೆ ಎರಡು ಮಾತು

ಮೊಣಕಾಲಿನೊಳಗೆ ಎರಡು ಎಲುಬುಗಳನ್ನು ಅಡ್ಡಲಾಗಿ ಬಿಗಿದಿರುವ ಒಂದು ಅಸ್ಥಿರಜ್ಜು ಇದೆ. ಅದು ಹರಿದರೆ ಅನೇಕರಿಗೆ ಶಸ್ತ್ರಚಿಕಿತ್ಸೆ ಬೇಕಾಗುತ್ತದೆ. ಆ ಮೇಲೆ ಆಟಕ್ಕೆ ಮರಳಲು ಕನಿಷ್ಠ ಒಂಬತ್ತು ತಿಂಗಳು ಕಾಯಬೇಕೆಂದು ಇಂದಿನ ವೈದ್ಯರ ಸಲಹೆ. ಬಾಸ್ಕೆಟ್‌ಬಾಲಿನಲ್ಲಿ ಈ ಗಾಯ ಪುರುಷರಿಗಿಂತ ಮಹಿಳೆಯರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಅದರಲ್ಲಿ ಬಹುಪಾಲು ಯಾರೂ ತಾಗದೆ, ಇಳಿಯುವಾಗಲೋ ಹಠಾತ್ತನೆ ತಿರುಗುವಾಗಲೋ ಆಗುವಂಥದು. ಬಲಸಾಧನೆ, ಜಿಗಿದಿಳಿಯುವ ಶಿಕ್ಷಣ, ಸಮತೋಲನದ ಅಭ್ಯಾಸ ಇವುಗಳನ್ನು ಕೂಡಿಸಿ ವಾರಕ್ಕೆ ಕೆಲವು ಸಲ ಮಾಡಿಸಿದ ಕಡೆಗಳಲ್ಲಿ ಈ ಗಾಯಗಳು ಸುಮಾರು ಅರ್ಧಕ್ಕೆ ಇಳಿದಿವೆಯೆಂದು ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದವರು ಹೇಳುತ್ತಾರೆ.

ಹೀಗಿರುವಾಗ ‘ಹೆಣ್ಣುಮಕ್ಕಳಿಗೇಕೆ ಭಾರ ಎತ್ತುವುದು?’ ಎಂಬ ಮಾತು ಅಜ್ಞಾನವಷ್ಟೇ ಅಲ್ಲ, ಅಪಾಯ. ಭಾರ ಎತ್ತಿದರೆ ಗಂಡಸರಂತಾಗುತ್ತೇವೆಂಬ ಅಂಜಿಕೆಯೂ ಬೇಡ. ಅಷ್ಟು ಸ್ನಾಯು ಬೆಳೆಸುವ ರಸದೂತ ಹೆಣ್ಣಿನ ದೇಹದಲ್ಲಿ ಬಹಳ ಕಡಿಮೆ. ಈ ಸಾಧನೆ ಯಾರಿಗಾದರೂ ಅತ್ಯಗತ್ಯವಾಗಿದ್ದರೆ ಅದು ಮೊದಲು ನಮ್ಮ ವಿದ್ಯಾರ್ಥಿನಿಯರಿಗೆ. ಕಲಿಸುವಾಗ ನೋಡಬೇಕಾದುದು ಒಂದೇ: ಇಳಿದಾಗ ಎರಡು ಮಂಡಿಗಳೂ ಒಂದಕ್ಕೊಂದು ಹತ್ತಿರ ಬರುತ್ತಿವೆಯೇ? ಬರುತ್ತಿದ್ದರೆ ಜಿಗಿತದ ಎತ್ತರ ತಗ್ಗಿಸಿ, ಸದ್ದಾಗದಂತೆ ಮೆತ್ತಗೆ ಇಳಿಯುವುದನ್ನು ಮೊದಲು ಕಲಿಸಬೇಕು.

೭. ಊಟ ಮತ್ತು ನಿದ್ರೆ

ಸ್ನಾಯು ಬಲಗೊಳ್ಳುವುದು ಭಾರ ಎತ್ತುವಾಗ ಅಲ್ಲ, ಉಂಡು ಮಲಗಿದಾಗ. ಸಾಧನೆ ಮಾಡುವವರಿಗೆ ದಿನಕ್ಕೆ ದೇಹತೂಕದ ಒಂದೊಂದು ಕಿಲೋಗ್ರಾಮಿಗೆ 1.4ರಿಂದ 2 ಗ್ರಾಂ ಪ್ರೋಟೀನು ಬೇಕೆಂದು ಇಂದಿನ ತಜ್ಞರ ಮತ. 60 ಕಿಲೋಗ್ರಾಮಿನ ವಿದ್ಯಾರ್ಥಿಗೆ 84ರಿಂದ 120 ಗ್ರಾಂ ಆಯಿತು. ವಿದ್ಯಾರ್ಥಿನಿಲಯದ ಸಸ್ಯಾಹಾರದಲ್ಲಿ ಇದು ಸಿಗುವುದೇ ಎಂದು ಕೇಳಬಹುದು. ಲೆಕ್ಕ ಹಾಕೋಣ: ದಿನಕ್ಕೆ 300 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಯಲ್ಲಿ ಸುಮಾರು 30 ಗ್ರಾಂ, 100 ಗ್ರಾಂ ಬೇಳೆಕಾಳಿನಲ್ಲಿ 22, ಅರ್ಧ ಲೀಟರ್ ಹಾಲು ಮೊಸರಿನಲ್ಲಿ 16, ಐವತ್ತು ಗ್ರಾಂ ಶೇಂಗಾದಲ್ಲಿ 12, ಐವತ್ತು ಗ್ರಾಂ ಸೋಯಾ ಅವರೆಯಲ್ಲಿ 18. ಒಟ್ಟು 98 ಗ್ರಾಂ. ದುಬಾರಿ ಡಬ್ಬಿಯ ಪುಡಿ ಕೊಳ್ಳಲಾಗದ ಬಡ ವಿದ್ಯಾರ್ಥಿ ತನ್ನನ್ನು ಕೀಳೆಂದು ಎಣಿಸಬೇಕಾಗಿಲ್ಲ. ರೊಟ್ಟಿಯ ಜೊತೆ ಕಾಳುಪಲ್ಯವನ್ನು ಇನ್ನೊಂದು ಸೌಟು ಹಾಕಿಸಿಕೊಂಡರಾಯಿತು. ಬೇಗ ಬಲ ಬರಿಸುವೆವೆಂದು ಯಾರಾದರೂ ಗುಳಿಗೆ, ಚುಚ್ಚುಮದ್ದು ತೋರಿಸಿದರೆ ಅವರಿಂದ ದೂರವಿರಿ. ಸ್ಟೆರಾಯ್ಡ್ ಔಷಧಿಗಳು ಕ್ರೀಡೆಯಲ್ಲಿ ನಿಷಿದ್ಧ. ಹೃದಯಕ್ಕೂ ಯಕೃತ್ತಿಗೂ ಹಾನಿಕರ.

ನಿದ್ರೆಯ ಬಗ್ಗೆ ಒಂದು ಉದಾಹರಣೆ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ 11 ಮಂದಿ ಬಾಸ್ಕೆಟ್‌ಬಾಲ್ ಆಟಗಾರರಿಗೆ ಐದರಿಂದ ಏಳು ವಾರಗಳವರೆಗೆ ರಾತ್ರಿ ಹತ್ತು ಗಂಟೆ ಹಾಸಿಗೆಯಲ್ಲಿರುವಂತೆ ಹೇಳಿ ಪರೀಕ್ಷಿಸಲಾಯಿತು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಅವರ ಓಟದ ವೇಗ ಹೆಚ್ಚಿತು. ಬುಟ್ಟಿಗೆ ಎಸೆಯುವ ನಿಖರತೆ ನೂರಕ್ಕೆ ಒಂಬತ್ತರಷ್ಟು ಏರಿತು. ಚಿಕ್ಕ ಗುಂಪಿನ ಪರೀಕ್ಷೆ, ಹೋಲಿಸಲು ಬೇರೆ ಗುಂಪೂ ಇರಲಿಲ್ಲ. ಆದುದರಿಂದ ಅದನ್ನೇ ಕೊನೆಯ ಮಾತೆಂದು ಹಿಡಿಯಬಾರದು. ಆದರೂ ಪಂದ್ಯದ ಹಿಂದಿನ ರಾತ್ರಿ ಹರಟೆಯಲ್ಲಿ ಬೆಳಗು ಮಾಡುವ ನಮ್ಮ ತರುಣರು ಇದನ್ನು ಮನಸ್ಸಿನಲ್ಲಿಡುವುದು ಒಳಿತು.

೮. ಉಪಸಂಹಾರ

ಅಂಗಸಾಧನೆಯ ಲಾಭ ಕಾಣುವುದು ನಿಧಾನವಾಗಿ. ಅದರ ಮುಖ್ಯ ಫಲವಂತೂ ಕಣ್ಣಿಗೆ ಕಾಣುವುದೇ ಇಲ್ಲ. ಗೆದ್ದ ಪಂದ್ಯಕ್ಕೆ ಪಾರಿತೋಷಕ ಸಿಗುತ್ತದೆ. ಆಗದೇ ಹೋದ ಗಾಯಕ್ಕೆ ಯಾರೂ ಪಾರಿತೋಷಕ ಕೊಡುವುದಿಲ್ಲ. ಎತ್ತರದಿಂದ ಇಳಿದು, ಮೊಣಕಾಲು ಮೆತ್ತಗೆ ಮಡಿದು, ಏನೂ ಆಗದವನಂತೆ ಆಟಗಾರ ಮತ್ತೆ ಓಡತೊಡಗಿದಾಗ ನೋಡುಗರು ಅದನ್ನು ಗಮನಿಸುವುದೂ ಇಲ್ಲ. ಆದರೆ ಅವನ ಶಿಕ್ಷಕ ಗಮನಿಸುತ್ತಾನೆ.

ಪ್ರತಿಯೊಬ್ಬ ಆಟಗಾರನೂ ಒಂದು ನೋಟುಬುಕ್ಕು ಇಡಲಿ. ಎತ್ತಿದ ಭಾರ, ಎತ್ತಿದ ಸಲ, ನಿದ್ರೆಯ ಗಂಟೆ, ನೋವಿದ್ದರೆ ನೋವು, ಇವನ್ನು ದಿನವೂ ಬರೆಯಲಿ. ಮಂಡಿಯ ನೋವು ಎರಡು ವಾರ ಮೀರಿದರೆ ಅಥವಾ ಮೊಣಕಾಲು ಊದಿದರೆ ಹಟ ಬಿಟ್ಟು ವೈದ್ಯರಲ್ಲಿಗೆ ಹೋಗಲಿ. ಸಹಶಿಕ್ಷಕರಲ್ಲಿ ನನ್ನ ವಿನಂತಿಯೂ ಇಷ್ಟೇ: ಮಕ್ಕಳಿಗೆ ಜಿಗಿಯುವುದನ್ನು ಕಲಿಸುವ ಮೊದಲು ಇಳಿಯುವುದನ್ನು ಕಲಿಸೋಣ. ನನ್ನ ಗೆಳೆಯನಿಗೆ ದೊರೆಯದ ಪಾಠ ನಮ್ಮ ವಿದ್ಯಾರ್ಥಿಗಳಿಗಾದರೂ ದೊರೆಯಲಿ.